ದರಕಿನ ಹೊದಿಕೆ: ಕಾಲ್ಡೆಕಾಟ್‌ ಚಿತ್ರಪುಸ್ತಕದ ಯಾವ ಪ್ರತಿ ಕೊಳ್ಳಬೇಕು, ಯಾವುದು ಬೇಡ

ರ್‍ಯಾಂಡಾಲ್ಫ್ ಕಾಲ್ಡೆಕಾಟ್‌ ಎಂಬ ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಕಲಾವಿದ ಚಿತ್ರಿಸಿದ ‘ದಿ ಬೇಬ್ಸ್ ಇನ್ ದ ವುಡ್’ ಎಂಬ ಹೆಸರು ಹಾಕಿ ಆನ್‌ಲೈನಿನಲ್ಲಿ ಮಾರುವ ಪೇಪರ್‌ಬ್ಯಾಕ್‌ಗಳಲ್ಲಿ ಬಹುಪಾಲನ್ನು ಕೊಳ್ಳದಿರುವುದೇ ಲೇಸು. ಪುಸ್ತಕ ಕೆಟ್ಟದ್ದೆಂದು ಈ ಮಾತಲ್ಲ. ಮಕ್ಕಳಿಗೆ ಸಾವಿನ ಕಥೆಯನ್ನು ಚಿತ್ರದಲ್ಲಿ ಹೇಳಿದ ಪುಸ್ತಕಗಳಲ್ಲಿ ಇದಕ್ಕೆ ಸರಿಗಟ್ಟುವವು ಕಡಿಮೆ. ಆದರೆ ಇದರ ಜೀವ ಇರುವುದು ಎರಡು ಕಡೆ: ಕಂದು ಬಣ್ಣದ ತೆಳು ಗೆರೆ, ಆ ಗೆರೆಯ ಸುತ್ತ ಬಿಟ್ಟ ಬಿಳಿ ಜಾಗ. ಅಗ್ಗದ ಮರುಮುದ್ರಣ ಮೊದಲು ಹಾಳುಮಾಡುವುದೂ ಇವೆರಡನ್ನೇ.

ಮಾರುಕಟ್ಟೆಯಲ್ಲಿ ನಾಲ್ಕು ಜಾತಿಯ ಪ್ರತಿಗಳಿವೆ. ಮೊದಲನೆಯದು, ಬರೇ ಪಠ್ಯವಿದ್ದು ಹೆಸರಿನಲ್ಲಿ ಮಾತ್ರ ‘ಇಲ್ಲಸ್ಟ್ರೇಟೆಡ್’ ಎಂದಿರುವುದು. ಎರಡನೆಯದರಲ್ಲಿ ಚಿತ್ರಗಳಿವೆ, ಆದರೆ ಎಲ್ಲವೂ ಬೂದಿ ಬಣ್ಣ. ಮೂರನೆಯದು ಬಣ್ಣದ್ದೇ, ಆದರೆ 6 × 9 ಇಂಚಿಗೆ ಇಳಿಸಿದ್ದು. ನಾಲ್ಕನೆಯದು ಮೂಲದ ಗಾತ್ರ ಉಳಿಸಿಕೊಂಡ ಬಣ್ಣದ ಪ್ರತಿ. ಮೂಲ ಪುಟ ಹೆಚ್ಚುಕಡಿಮೆ 8 ಇಂಚು ಅಗಲ, 9 ಇಂಚು ಎತ್ತರ, ಚೌಕಕ್ಕೆ ಹತ್ತಿರ. ಅದನ್ನು 6 ಇಂಚು ಅಗಲಕ್ಕೆ ತಂದರೆ ಚಿತ್ರ ಮುಕ್ಕಾಲು ಪಾಲಿಗೆ ಇಳಿಯುತ್ತದೆ, ಮೇಲೆ ಕೆಳಗೆ ಅರ್ಥವಿಲ್ಲದ ಖಾಲಿ ಪಟ್ಟಿ ಉಳಿಯುತ್ತದೆ. ಗೆರೆಯೂ ಅಷ್ಟೇ ತೆಳುವಾಗಿ, ಮುಖದ ಮೇಲಿನ ಸಣ್ಣ ಗೆರೆಗಳು ಅಲ್ಲಲ್ಲಿ ಕಡಿದುಹೋಗುತ್ತವೆ. ಕೊಳ್ಳುವ ಮೊದಲು ವಿವರದಲ್ಲಿ ಅಳತೆ ನೋಡಿ, ಒಳಪುಟ ಬಣ್ಣದ್ದೇ ಎಂದು ಬರೆದಿದೆಯೋ ನೋಡಿ. ಮಾದರಿ ಪುಟ ತೋರಿಸದ ಮಾರಾಟಗಾರನ ಹತ್ತಿರ ಹೋಗುವುದೇ ಬೇಡ. ಮುಖಪುಟ ಮಾತ್ರ ಚೆಂದ ಇದ್ದು ಒಳಗೆ ಬೂದಿ ಸುರಿದಂತಿರುವ ಪ್ರತಿಗಳೇ ಜಾಸ್ತಿ.

ಪುಸ್ತಕ ಹೊರಬಂದದ್ದು 1879ರಲ್ಲಿ. ಲಂಡನ್ನಿನ ಜಾರ್ಜ್ ರೌಟ್ಲೆಜ್ ಆಂಡ್ ಸನ್ಸ್ ಪ್ರಕಾಶಕರು, ಎಡ್ಮಂಡ್ ಇವಾನ್ಸ್ ಮುದ್ರಕ, ಬೆಲೆ ಒಂದು ಶಿಲ್ಲಿಂಗ್. 1878ರಿಂದ 1885ರವರೆಗೆ ವರ್ಷಕ್ಕೆ ಎರಡರಂತೆ ಕಾಲ್ಡೆಕಾಟ್ ಮತ್ತು ಇವಾನ್ಸ್ ಜೋಡಿ ತಂದ 16 ಪುಸ್ತಕಗಳಲ್ಲಿ ಇದು ಎರಡನೇ ವರ್ಷದ್ದು. ಆಮೇಲೆ ಹಕ್ಕು ಫ್ರೆಡರಿಕ್ ವಾರ್ನ್‌ಗೆ ಹೋಯಿತು. ಮೂಲ ಪ್ರತಿಯಲ್ಲಿ ಇಸವಿ ಅಚ್ಚಾಗಿಲ್ಲ. ಹಳೆ ಪುಸ್ತಕ ಮಾರುವವರು ‘1879ರದ್ದು’ ಎಂದು ವಾರ್ನ್ ಹೆಸರಿನ ಪ್ರತಿ ತೋರಿಸಿದರೆ ಅದು ಮೊದಲ ಮುದ್ರಣವಲ್ಲ. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಇಟ್ಟು ನೋಡಿದರೂ ಗೊತ್ತಾಗುತ್ತದೆ. ಇವಾನ್ಸ್‌ನ ಮುದ್ರಣದಲ್ಲಿ ಬಣ್ಣ ಒಂದೊಂದೂ ಅಖಂಡವಾಗಿ ಅಥವಾ ಕೊರೆದ ಗೆರೆಗಳಾಗಿ ಕಾಣುತ್ತದೆ. ಇತ್ತೀಚಿನ ಮುದ್ರಣದಲ್ಲಿ ನಾಲ್ಕು ಬಣ್ಣದ ಚುಕ್ಕಿಗಳು ಹೂವಿನ ಹಾಗೆ ಗುಂಪುಗುಂಪಾಗಿ ಕೂತಿರುತ್ತವೆ. ಬಿಡಿ ಪುಸ್ತಕ ಸಿಗದಿದ್ದರೆ ‘ಆರ್. ಕಾಲ್ಡೆಕಾಟ್ಸ್ ಪಿಕ್ಚರ್ ಬುಕ್’ ಎಂಬ ಸಂಕಲನದ ಮೊದಲ ಸಂಪುಟ ಹುಡುಕಿ. ಜಾನ್ ಗಿಲ್ಪಿನ್, ಜ್ಯಾಕ್ ಕಟ್ಟಿದ ಮನೆ, ಹುಚ್ಚುನಾಯಿಯ ಶೋಕಗೀತೆ ಇವುಗಳ ಜತೆ ಇದೂ ಅದರಲ್ಲಿದೆ.

ಕಥೆಗೆ ಬರೋಣ. ಪುಸ್ತಕದ ಪಠ್ಯ ಒಂದು ಇಂಗ್ಲಿಷ್ ಲಾವಣಿ, ಅದು ಪುಸ್ತಕಕ್ಕಿಂತ ಬಹಳ ಹಳೆಯದು. ಲಂಡನ್ನಿನ ಮುದ್ರಕರ ದಫ್ತರದಲ್ಲಿ ಇದು ದಾಖಲಾದದ್ದು 1595ರಲ್ಲಿ. 1711ರಲ್ಲಿ ಜೋಸೆಫ್ ಅಡಿಸನ್ ತನ್ನ ‘ಸ್ಪೆಕ್ಟೇಟರ್’ ಪತ್ರಿಕೆಯಲ್ಲಿ ಇದನ್ನು ಮೆಚ್ಚಿ ಬರೆದ. 1765ರಲ್ಲಿ ಥಾಮಸ್ ಪರ್ಸಿ ತನ್ನ ಲಾವಣಿ ಸಂಗ್ರಹಕ್ಕೆ ಸೇರಿಸಿಕೊಂಡ. ನಾರ್ಫೋಕ್ ಪ್ರಾಂತದ ಒಬ್ಬ ಸಿರಿವಂತ, ಅವನ ಹೆಂಡತಿ, ಇಬ್ಬರೂ ಒಟ್ಟಿಗೇ ಮರಣಶಯ್ಯೆಯಲ್ಲಿ. ಮೂರು ತುಂಬದ ಗಂಡುಮಗು, ಅದಕ್ಕಿಂತ ಚಿಕ್ಕ ಹೆಣ್ಣುಮಗು. ಮೃತ್ಯುಪತ್ರದಲ್ಲಿ ಮಗನಿಗೆ ಪ್ರಾಯಕ್ಕೆ ಬಂದ ಮೇಲೆ ವರ್ಷಕ್ಕೆ 300 ಪೌಂಡ್, ಮಗಳು ಜೇನ್‌ಗೆ ಮದುವೆಯ ದಿನ 500 ಪೌಂಡ್ ಚಿನ್ನ. ಪ್ರಾಯಕ್ಕೆ ಬರುವ ಮೊದಲೇ ಮಕ್ಕಳು ತೀರಿಕೊಂಡರೆ ಎಲ್ಲವೂ ಸಾಕುವ ಚಿಕ್ಕಪ್ಪನಿಗೆ. ಜಮೀನಿನ ವ್ಯಾಜ್ಯ ನೋಡಿ ಬೆಳೆದ ನಮ್ಮ ಉತ್ತರ ಕನ್ನಡ ಜಿಲ್ಲೆಯ ಯಾರಿಗೂ ಇದರ ಮುಂದಿನದನ್ನು ವಿವರಿಸಬೇಕಿಲ್ಲ. ಆ ಕೊನೆಯ ಷರತ್ತು ಓದಿದ ಕೂಡಲೇ ಮನೆಯ ಹಿರಿಯರು ತಲೆ ಆಡಿಸುತ್ತಾರೆ.

ವರ್ಷದ ಮೇಲೊಂದು ದಿನ ತುಂಬುವುದರೊಳಗೆ ಚಿಕ್ಕಪ್ಪ ಇಬ್ಬರು ಕೊಲೆಗಡುಕರನ್ನು ಗೊತ್ತುಮಾಡುತ್ತಾನೆ. ಮಕ್ಕಳನ್ನು ಲಂಡನ್ನಿನ ಗೆಳೆಯನ ಮನೆಗೆ ಕಳಿಸುತ್ತಿದ್ದೇನೆ ಎಂದು ಹೆಂಡತಿಗೆ ಸುಳ್ಳು. ಕುದುರೆ ಸವಾರಿ ಸಿಕ್ಕಿತೆಂದು ಮಕ್ಕಳಿಗೆ ಕುಣಿದಾಡುವಷ್ಟು ಖುಷಿ. ದಾರಿಯುದ್ದಕ್ಕೂ ಅವರ ಮುದ್ದು ಮಾತು ಕೇಳಿ ಒಬ್ಬನ ಮನಸ್ಸು ಕರಗುತ್ತದೆ, ಇನ್ನೊಬ್ಬ ಒಪ್ಪುವುದಿಲ್ಲ, ಇಬ್ಬರೂ ಬಡಿದಾಡಿ, ಕರಗಿದವನು ಕರಗದವನನ್ನು ಕೊಲ್ಲುತ್ತಾನೆ. ರೊಟ್ಟಿ ತರುತ್ತೇನೆಂದು ಹೇಳಿ ಹೋದವನು ಮತ್ತೆ ಬರುವುದಿಲ್ಲ. ಮಕ್ಕಳು ಬ್ಲ್ಯಾಕ್‌ಬೆರಿ ತಿಂದು, ಅತ್ತು, ಒಬ್ಬರನ್ನೊಬ್ಬರು ತಬ್ಬಿಕೊಂಡು ಸಾಯುತ್ತಾರೆ. ಮಣ್ಣು ಮಾಡಲು ಯಾರೂ ಇಲ್ಲ. ರಾಬಿನ್ ಹಕ್ಕಿ ಎಲೆ ತಂದು ಮುಚ್ಚುತ್ತದೆ.

ಹಳೆಯ ಲಾವಣಿ ಇಲ್ಲಿಗೆ ನಿಲ್ಲುವುದಿಲ್ಲ. ಚಿಕ್ಕಪ್ಪನ ಕಣಜಕ್ಕೆ ಬೆಂಕಿ ಬೀಳುತ್ತದೆ, ದನಕರು ಸಾಯುತ್ತವೆ, ಪೋರ್ಚುಗಲ್ಲಿಗೆ ಹಡಗು ಹತ್ತಿದ ಇಬ್ಬರು ಗಂಡುಮಕ್ಕಳೂ ಸಾಯುತ್ತಾರೆ, ಅವನು ಸೆರೆಮನೆಯಲ್ಲಿ ಕೊನೆಯುಸಿರೆಳೆಯುತ್ತಾನೆ. ಕಾಲ್ಡೆಕಾಟ್ ಆ ಚರಣಗಳನ್ನೆಲ್ಲ ಬಿಟ್ಟು, ಎಲೆ ಮುಚ್ಚಿದಲ್ಲಿಗೇ ಪುಸ್ತಕ ಮುಗಿಸಿದ್ದಾನೆ. ಕೊಳ್ಳುವವರು ಇದನ್ನು ಮೊದಲೇ ತಿಳಿದಿರಬೇಕು. ಯಕ್ಷಗಾನದಲ್ಲಿ ಎಂಥ ಕರುಣರಸದ ಪ್ರಸಂಗವಾದರೂ ಕೊನೆಗೊಂದು ಮಂಗಳ ಇದ್ದೇ ಇರುತ್ತದೆ. ಗೋವಿನ ಹಾಡಿನಲ್ಲಿ ಹಸು ಮರಳಿ ಬಂದು ಕರು ಉಳಿಯುತ್ತದೆ, ಸಾಯುವುದು ಹುಲಿ. ಇಲ್ಲಿ ಮಂಗಳವೂ ಇಲ್ಲ, ಹುಲಿಯ ಪಶ್ಚಾತ್ತಾಪವೂ ಇಲ್ಲ. ಇಂಗ್ಲೆಂಡಿನ ನಾಟಕದವರಿಗೂ ಇದು ತಡೆಯಲಾಗಲಿಲ್ಲವೇನೋ. ಪ್ಯಾಂಟೊಮೈಮ್ ಎಂಬ ಹಾಡು-ಹಾಸ್ಯದ ಆಟಗಳಲ್ಲಿ ರಾಬಿನ್ ಹುಡ್‌ನನ್ನು ಕರೆತಂದು ಮಕ್ಕಳನ್ನು ಬದುಕಿಸಿಬಿಟ್ಟರು. ಚಿತ್ರಪುಸ್ತಕದ ಬಿಗುವು ಇರುವುದು ಹಾಗೆ ಮಾಡದೇ ಇದ್ದುದರಲ್ಲಿ. ಏಳು ವರ್ಷಕ್ಕಿಂತ ಚಿಕ್ಕವರಿಗೆ ಒಂಟಿಯಾಗಿ ಕೊಟ್ಟು ಕೂರಿಸುವ ಪುಸ್ತಕ ಇದಲ್ಲ. ಹತ್ತಿರ ಕೂತು ಓದುವವರಿದ್ದರೆ ಐದು ವರ್ಷದವರೂ ಕೇಳುತ್ತಾರೆ, ಮತ್ತು ‘ಹಕ್ಕಿ ಯಾಕೆ ಎಲೆ ತಂತು?’ ಎಂಬ ಪ್ರಶ್ನೆಗೆ ಉತ್ತರ ಇಟ್ಟುಕೊಂಡಿರಬೇಕಾಗುತ್ತದೆ.

ಈ ಎಲೆಯ ಚಿತ್ರ ಶಿರಸಿ, ಸಿದ್ದಾಪುರ, ಯಲ್ಲಾಪುರದ ಮಕ್ಕಳಿಗೆ ನೇರವಾಗಿ ತಾಗುತ್ತದೆ. ಸೊಪ್ಪಿನಬೆಟ್ಟದಲ್ಲಿ (ತೋಟಕ್ಕೆ ಸೊಪ್ಪು ತರುವ ಕಾಡಿನಲ್ಲಿ) ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸುವುದನ್ನು ನೋಡಿದವರಿಗೆ ಒಣ ಎಲೆಯ ದಪ್ಪ, ಸಪ್ಪಳ, ಅದರಡಿಯ ತಂಪು ಗೊತ್ತು. ‘ಎಲೆ ಮುಚ್ಚಿತು’ ಎನ್ನುವುದಕ್ಕಿಂತ ‘ದರಕು ಹೊದೆಸಿತು’ ಎಂದು ಓದಿ ಹೇಳಿ, ಸಾಕು. ಬ್ಲ್ಯಾಕ್‌ಬೆರಿ ಬಣ್ಣ ಹತ್ತಿದ ತುಟಿಗಳೆಂದು ಲಾವಣಿಯಲ್ಲಿದೆ. ನೇರಳೆ ಹಣ್ಣು ತಿಂದ ಬಾಯಿಯೆಂದರೆ ಮಕ್ಕಳು ತಮ್ಮ ನಾಲಗೆಯನ್ನೇ ಚಾಚಿ ತೋರಿಸುತ್ತಾರೆ. ಆದರೆ ರಾಬಿನ್‌ಗೆ ಮಡಿವಾಳ ಹಕ್ಕಿ ಎನ್ನುವುದು ಬೇಡ. ಮಡಿವಾಳ ಕಪ್ಪು ಬಿಳುಪು. ಅಲ್ಲಿಯದರ ಎದೆ ಕೆಂಪುಗಿತ್ತಲೆ. ಚಿತ್ರದಲ್ಲಿ ಕೆಂಪು ಎದೆ ಕಾಣುತ್ತಿರುವಾಗ ಕಿವಿಗೆ ಬೇರೆ ಹಕ್ಕಿಯ ಹೆಸರು ಬಿದ್ದರೆ ಮಗು ಚಿತ್ರವನ್ನು ಬಿಟ್ಟು ನಿಮ್ಮನ್ನು ನೋಡುತ್ತದೆ. ರಾಬಿನ್ ರಾಬಿನ್ನೇ ಆಗಿರಲಿ. ‘ಅಂಕಲ್’ ಅನ್ನು ಮಾವ ಎಂದು ಹೇಳುವುದೂ ತಪ್ಪು ದಾರಿ. ಸಾಯುವವನು ಅವನನ್ನು ಸಹೋದರನೆಂದೇ ಕರೆಯುತ್ತಾನೆ. ಹಿರಿಯನೋ ಕಿರಿಯನೋ ಲಾವಣಿ ಹೇಳುವುದಿಲ್ಲವಾದ್ದರಿಂದ ಚಿಕ್ಕಪ್ಪ ಎಂದರೆ ನಡೆಯುತ್ತದೆ. ಪಠ್ಯದ ಇಂಗ್ಲಿಷ್ ಹಳೆ ಕಾಗುಣಿತದ್ದು, ಶಾಲೆಯ ಇಂಗ್ಲಿಷ್ ನಂಬಿ ಮಕ್ಕಳಿಗೇ ಓದಲು ಕೊಟ್ಟರೆ ಎರಡನೇ ಸಾಲಿಗೇ ನಿಲ್ಲುತ್ತಾರೆ. ಚರಣಕ್ಕೆ ಎಂಟು ಸಾಲು, ಎಂಟು ಮತ್ತು ಆರು ಉಚ್ಚಾರಾಂಶಗಳ ಸಾಲುಗಳು ಒಂದಾದ ಮೇಲೊಂದು. ಆ ನಡೆಗೆ ಕನ್ನಡ ಪದ್ಯ ಹೊಂದಿಸಲು ಹೋಗದೆ, ಮೊದಲು ಗದ್ಯದಲ್ಲಿ ಕಥೆ ಹೇಳಿ, ಆಮೇಲೆ ಇಂಗ್ಲಿಷ್ ಚರಣವನ್ನು ರಾಗಕ್ಕಾಗಿ ಮಾತ್ರ ಓದುವುದು ಒಳ್ಳೆಯದು.

ಈಗ ಚಿತ್ರ. ಒಂದೆರಡು ಸಾಲಿಗೊಂದರಂತೆ ಕಂದು ಗೆರೆಯ ಚಿತ್ರಗಳು, ನಡುನಡುವೆ ಇಡೀ ಪುಟದ ಬಣ್ಣದ ಚಿತ್ರಗಳು. ಕಾಲ್ಡೆಕಾಟ್‌ನ ಗೆಳೆಯ ಹೆನ್ರಿ ಬ್ಲ್ಯಾಕ್‌ಬರ್ನ್ 1886ರಲ್ಲಿ ಬರೆದ ನೆನಪಿನ ಪುಸ್ತಕದ ಪ್ರಕಾರ, ಬಿಟ್ಟುಬಿಡುವುದನ್ನೇ ಅವನು ಒಂದು ಶಾಸ್ತ್ರದಂತೆ ಅಭ್ಯಾಸ ಮಾಡಿದ್ದ; ಗೆರೆ ಕಡಿಮೆಯಾದಷ್ಟೂ ತಪ್ಪು ಕಡಿಮೆ ಎನ್ನುವುದು ಅವನ ನಂಬಿಕೆ. ಈ ಪುಸ್ತಕದಲ್ಲಿ ಅದು ಕಥೆಯ ಕೆಲಸವನ್ನೇ ಮಾಡುತ್ತದೆ. ಕತ್ತಿ ಬೀಸುವುದು ದೊಡ್ಡವರು, ಮಕ್ಕಳ ಮೈಮೇಲೆ ಗಾಯವಿಲ್ಲ. ಅವರು ಸಾಯುವುದು ಹಸಿವಿನಿಂದ, ಯಾರೂ ಬಾರದೇ ಇದ್ದುದರಿಂದ. ಯಾರೂ ಬಾರದೇ ಇರುವುದನ್ನು ಗೆರೆಯಲ್ಲಿ ಬರೆಯಲಾಗದು, ಅದಕ್ಕೆ ಖಾಲಿ ಜಾಗವೇ ಬೇಕು.

ಆ ಖಾಲಿ ಜಾಗ ಅಚ್ಚಿನಲ್ಲಿ ಉಳಿದದ್ದು ಇವಾನ್ಸ್‌ನ ಕೈಚಳಕದಿಂದ. ಕಾಲ್ಡೆಕಾಟ್ ಶಾಯಿಯಲ್ಲಿ ಬರೆದ ಚಿತ್ರವನ್ನು ಮರದ ಅಚ್ಚಿನ ಮೇಲೆ ಫೋಟೊ ಮೂಲಕ ಇಳಿಸಿ, ಗೆರೆ ಬಿಟ್ಟು ಉಳಿದುದನ್ನು ಕೊರೆದು ತೆಗೆಯುತ್ತಿದ್ದರು. ಕಡುಗಂದು ಶಾಯಿಯಲ್ಲಿ ಅದರ ಕರಡು ತೆಗೆದು ಕಾಲ್ಡೆಕಾಟ್‌ಗೆ ಕಳಿಸಿದರೆ ಅವನು ಅದಕ್ಕೆ ಬಣ್ಣ ತುಂಬಿ ಕೊಡುತ್ತಿದ್ದ. ಅದನ್ನು ನೋಡಿಕೊಂಡು ಬಣ್ಣಕ್ಕೊಂದು ಅಚ್ಚು: ಮುಖ ಕೈಗಳಿಗೆ ಚರ್ಮದ ಬಣ್ಣ, ಕೆಂಪು, ನೀಲಿ, ಹಳದಿ, ಬೂದಿ. ಕಂದು ಸೇರಿ ಒಟ್ಟು ಆರು. ಬಣ್ಣದ ಪುಟ ಪ್ರತಿ ಹಾಳೆಯೂ ಆರು ಸಲ ಯಂತ್ರಕ್ಕೆ ಹೋಗಿ ಬಂದದ್ದು. ಕಪ್ಪು ಶಾಯಿ ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಶಿರಸಿಯ ಮಾರಿಕಾಂಬಾ ದೇವಸ್ಥಾನದ ಗೋಡೆಯ ಕಾವಿ ಚಿತ್ರ ನೆನಪಿಸಿಕೊಳ್ಳಿ: ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಲೇಪ, ಅದನ್ನು ಕೆರೆದಲ್ಲೆಲ್ಲ ಬಿಳಿ. ಅಲ್ಲಿಯೂ ಕೈ ಮಾಡುವುದು ಬಿಳಿಯನ್ನು, ಉಳಿಸುವುದು ಕೆಂಪನ್ನು. ಕಾವಿ ಚಿತ್ರಕ್ಕೆ ಕಪ್ಪು ಎಣ್ಣೆಬಣ್ಣ ಬಳಿದರೆ ಹೇಗೋ, ಕಾಲ್ಡೆಕಾಟ್‌ನ ಕಂದು ಗೆರೆಯನ್ನು ಕಪ್ಪಿನಲ್ಲಿ ಅಚ್ಚು ಹಾಕಿದರೂ ಹಾಗೇ. ಗೆರೆ ಮುಂದೆ ನುಗ್ಗಿ, ಮಕ್ಕಳ ಮುಖ ಹಿಂದೆ ಸರಿಯುತ್ತದೆ. ಎರಡನೇ ಜಾತಿಯ ಪ್ರತಿಗಳನ್ನು ಪೂರಾ ತಳ್ಳಿಹಾಕಲು ಕಾರಣ ಇಷ್ಟೇ.

ಇದನ್ನೆಲ್ಲ ನೋಡಿದರೆ ಊರಿನಲ್ಲೇ ಮುದ್ರಿಸಿಕೊಳ್ಳುವುದು ಹೆಚ್ಚು ಲಾಭ. ಕಾಲ್ಡೆಕಾಟ್ ತೀರಿಕೊಂಡದ್ದು 1886ರಲ್ಲಿ, ಲಾವಣಿ ಅನಾಮಿಕರದ್ದು, ಹಕ್ಕಿನ ತಕರಾರಿಲ್ಲ. ಸ್ಕ್ಯಾನ್‌ಗಳು ಇಂಟರ್ನೆಟ್ ಆರ್ಕೈವ್ ಮತ್ತು ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಉಚಿತ. ಆರ್ಕೈವ್‌ನಿಂದ ಇಳಿಸುವಾಗ ಪಿಡಿಎಫ್ ಬೇಡ. ಅದು ಒತ್ತಿ ಚಿಕ್ಕದು ಮಾಡಿದ ಕಡತ, ಗೆರೆಯ ಸುತ್ತ ಕೊಳೆಯಂಥ ಚೌಕಗಳು ಕಾಣುತ್ತವೆ. ಬಿಡಿ ಪುಟಚಿತ್ರಗಳ ಕಟ್ಟನ್ನೇ ಇಳಿಸಿ. 8 × 9 ಇಂಚಿಗೆ 300 ಡಿಪಿಐ (ಇಂಚಿಗೆ 300 ಚುಕ್ಕಿ) ಬೇಕಾದರೆ ಪುಟ ಕನಿಷ್ಠ 2400 × 2700 ಪಿಕ್ಸೆಲ್ ಇರಬೇಕು. ಕಡಿಮೆ ಇದ್ದರೆ ಬೇರೆ ಗ್ರಂಥಾಲಯದ ಸ್ಕ್ಯಾನ್ ಹುಡುಕಿ. ಹಿಗ್ಗಿಸಿದರೆ ಗೆರೆ ಹತ್ತಿಯಂತೆ ಬಿಡಿಸಿಕೊಳ್ಳುತ್ತದೆ.

ಎಲ್ಲರೂ ಎಡವುವುದು ಮುಂದಿನ ಹೆಜ್ಜೆಯಲ್ಲಿ. ಹಳೆ ಕಾಗದದ ಹಳದಿ ಹೋಗಲೆಂದು ಅಂಗಡಿಯವರು ಚಿತ್ರ ತಿದ್ದುವ ತಂತ್ರಾಂಶದಲ್ಲಿ ಬೆಳಕು-ಬಣ್ಣವನ್ನು ತಾನೇ ಹೊಂದಿಸುವ ‘ಆಟೊ ಲೆವೆಲ್ಸ್’ ಒತ್ತಿಬಿಡುತ್ತಾರೆ. ಹಳದಿಯೂ ಹೋಗುತ್ತದೆ, ಅದರ ಜತೆ ಬೂದಿ ಅಚ್ಚು, ಚರ್ಮದ ಬಣ್ಣದ ಅಚ್ಚು ಎರಡೂ ಹೋಗುತ್ತವೆ. ಸಾಯುವ ಮಕ್ಕಳ ಕೆನ್ನೆ ಹಿಟ್ಟಿನಂತೆ ಬೆಳ್ಳಗಾಗಿ, ಬಣ್ಣದ ಪುಟ ಬಣ್ಣ ಮರೆತ ಪುಟವಾಗುತ್ತದೆ. ಬಿಳಿಯ ಬಿಂದುವನ್ನು ಪುಟದ ಅಂಚಿನ ಖಾಲಿ ಕಾಗದದಲ್ಲಿ ಹಿಡಿದು, 255ಕ್ಕೆ, ಅಂದರೆ ಅಚ್ಚ ಬಿಳಿಗೆ, ಎಳೆಯದೆ 245ರ ಆಸುಪಾಸಿಗೆ ನಿಲ್ಲಿಸಿ. ಸ್ವಲ್ಪ ಕೆನೆಬಣ್ಣ ಉಳಿದರೆ ಉಳಿಯಲಿ. ಗೆರೆಚಿತ್ರದ ಪುಟಗಳ ವಿಷಯ ಬೇರೆ. ಅವನ್ನು ಬಣ್ಣದ ಫೋಟೊದಂತೆ ಮುದ್ರಿಸಿದರೆ ಕಂದು ಗೆರೆ ನಾಲ್ಕು ಬಣ್ಣದ ಚುಕ್ಕಿಗಳಾಗಿ ಒಡೆಯುತ್ತದೆ, ಬಣ್ಣಗಳು ಕೂದಲೆಳೆಯಷ್ಟು ಸರಿದರೂ ಅಂಚಿನಲ್ಲಿ ಗುಲಾಬಿ ನೆರಳು ಬೀಳುತ್ತದೆ. ಮೊದಲು ಗ್ರೇಸ್ಕೇಲ್ (ಬರೇ ಬೂದಿ ಛಾಯೆ) ಮಾಡಿ, ಹಿನ್ನೆಲೆಯನ್ನು ಪೂರಾ ಬಿಳಿ ಮಾಡಿ, ಆಮೇಲೆ ಗೆರೆಗೆ ಒಂದೇ ಕಂದು ಕೊಡಿ. ಡಿಜಿಟಲ್ ಯಂತ್ರದಲ್ಲಿ ಆ ಕಂದಿನಲ್ಲಿ ಕಪ್ಪಿನ ಪಾಲು ಅರ್ಧದ ಹತ್ತಿರ ಇರಲಿ, ಉಳಿದದ್ದು ಮೆಜೆಂಟಾ (ನೇರಳೆಗೆಂಪು) ಮತ್ತು ಹಳದಿ, ಸಯಾನ್ (ತಿಳಿನೀಲಿ) ತೀರ ಕಡಿಮೆ. ಆಗ ಗೆರೆಯ ಬೆನ್ನೆಲುಬು ಕಪ್ಪು ಟೋನರ್ ಆಗುವುದರಿಂದ ಸರಿದಾಟ ಕಾಣುವುದಿಲ್ಲ, ಕಣ್ಣಿಗೆ ಮಾತ್ರ ಕಂದೇ. ಒಂದೇ ಹಾಳೆಯಲ್ಲಿ ಇಂಥ ನಾಲ್ಕಾರು ಕಂದು ಪಟ್ಟಿ ಹಾಕಿ ಪರೀಕ್ಷಾ ಪ್ರತಿ ತೆಗೆಸಿ, ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಅಲ್ಲ, ಹೊರಗೆ ಬೆಳಕಿಗೆ ತಂದು ಆರಿಸಿ. ಶಾಲೆಗಳೆಲ್ಲ ಸೇರಿ ನೂರಾರು ಪ್ರತಿ ತೆಗೆಸುವುದಾದರೆ ಆಫ್‌ಸೆಟ್‌ನಲ್ಲಿ ನೇರ ಕಂದು ಶಾಯಿಯನ್ನೇ ಕಲಸಿ ಹಾಕಿಸಬಹುದು, ಅದರ ಮುಂದೆ ಬೇರಾವುದೂ ನಿಲ್ಲುವುದಿಲ್ಲ.

ಹಾಳೆಯ ಲೆಕ್ಕ ಸುಲಭ. ಎದುರುಬದುರು ಎರಡು ಪುಟ ಸೇರಿ 16 × 9 ಇಂಚು, ಅದು 12 × 18ರ ಹಾಳೆಯಲ್ಲಿ ಕತ್ತರಿಸಲು ಅಂಚು ಉಳಿದು ಕೂರುತ್ತದೆ. ಹಾಳೆಗೆ ನಾಲ್ಕು ಪುಟ. 32 ಪುಟ ಹೊಂದಿಸಿದರೆ 8 ಹಾಳೆ, ಎರಡೂ ಬದಿ ಸೇರಿ 16 ಮುದ್ರಣ, ಮೇಲೊಂದು ಹೊದಿಕೆ ಹಾಳೆ. ದರ ಕೇಳುವಾಗ ‘ಪುಟಕ್ಕೆ ಎಷ್ಟು’ ಎನ್ನದೆ ಈ ಲೆಕ್ಕದಲ್ಲೇ ಕೇಳಿ. ಪುಟದ ಲೆಕ್ಕದಲ್ಲಿ ಎರಡು ಪಟ್ಟು ಬಿಲ್ ಆಗುವುದುಂಟು. ಒಟ್ಟು ಪುಟ ನಾಲ್ಕರಿಂದ ಭಾಗವಾಗಲೇಬೇಕು, ಉಳಿದರೆ ಮೊದಲಲ್ಲಿ ಅಥವಾ ಕೊನೆಯಲ್ಲಿ ಖಾಲಿ ಬಿಡಿ, ನಡುವೆ ತುರುಕಬೇಡಿ.

ಕಾಗದದಲ್ಲಿ ಹೊಳಪಿನ ಆರ್ಟ್ ಪೇಪರ್ ಬೇಡವೇ ಬೇಡ, ಬಲ್ಬಿನಡಿ ಓದುವಾಗ ಬಿಳಿ ಜಾಗವೆಲ್ಲ ಕನ್ನಡಿಯಾಗುತ್ತದೆ. 120ರಿಂದ 130 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ), ನ್ಯಾಚುರಲ್ ಶೇಡ್ ಅಂದರೆ ಕೆನೆಬಿಳಿ, ಲೇಪವಿಲ್ಲದ್ದು. ಅದಕ್ಕೂ ತೆಳುವಾದರೆ ಹಿಂಬದಿಯ ಕತ್ತಿಕಾಳಗ ಮುಂಬದಿಯ ಮಕ್ಕಳ ಮೇಲೆ ನೆರಳಾಗಿ ಕಾಣುತ್ತದೆ. ಕಾಗದದ ನಾರಿನ ದಿಕ್ಕು ಬೆನ್ನಿಗೆ ಸಮಾನಾಂತರ ಇರಬೇಕು. ಈ ಹೊಂದಿಕೆಯಲ್ಲಿ ಎಂದರೆ 12 ಇಂಚಿನ ಬದಿಯುದ್ದಕ್ಕೆ. ಗೊತ್ತಿಲ್ಲದಿದ್ದರೆ ಹಾಳೆಯನ್ನು ಎರಡೂ ಕಡೆ ಮೆಲ್ಲಗೆ ಬಗ್ಗಿಸಿ ನೋಡಿ, ಸುಲಭವಾಗಿ ಬಗ್ಗುವ ಮಡಿಕೆಯೇ ನಾರಿನ ದಿಕ್ಕು. ಅಡ್ಡನಾರಿನ ಪುಸ್ತಕ ಜನವರಿಯಲ್ಲಿ ಚೆನ್ನಾಗಿಯೇ ಇದ್ದು, ಜುಲೈ ಬಂದ ಕೂಡಲೇ ಹಪ್ಪಳದಂತೆ ಅಲೆಅಲೆಯಾಗುತ್ತದೆ. ಹೊದಿಕೆಗೆ ಹೊರಬದಿ ಮಾತ್ರ ಲ್ಯಾಮಿನೇಷನ್ ಮಾಡಿಸಿದರೂ ಅದೇ ಕಥೆ: ಒಳಬದಿ ತೇವ ಹೀರಿ ಹಿಗ್ಗುತ್ತದೆ, ಹೊರಬದಿ ಹಿಗ್ಗುವುದಿಲ್ಲ, ಹೊದಿಕೆ ಸುರುಳಿ ಬಿಟ್ಟುಕೊಳ್ಳುತ್ತದೆ. 250 ಜಿಎಸ್‌ಎಂ ಲೇಪವಿಲ್ಲದ ಹೊದಿಕೆ ಹಾಕಿ, ಬೇಕಾದರೆ ಮೇಲೊಂದು ಬಟರ್ ಪೇಪರ್ ಕವಚ.

ಮಡಿಕೆಗೆ ಹೊಡೆಯುವ ಸೆಂಟರ್ ಪಿನ್ ಶಿರಸಿಯಲ್ಲಿ ಒಂದೆರಡು ವರ್ಷ ತಡೆದೀತು. ಕಾರವಾರ, ಅಂಕೋಲಾ, ಕುಮಟಾದ ಉಪ್ಪುಗಾಳಿಗೆ ತಡೆಯದು. ತುಕ್ಕು ಮಡಿಕೆಯನ್ನೇ ತಿಂದು ನಡುವಿನ ಹಾಳೆ ಕಳಚಿ ಬೀಳುತ್ತದೆ. ಐದು ತೂತಿನ ಹೊಲಿಗೆ ಹಾಕಿ. ಬೆನ್ನಿನ ಎತ್ತರದ ಎರಡೂವರೆ ಪಟ್ಟು ದಾರ ಬೇಕು, 9 ಇಂಚಿನ ಪುಸ್ತಕಕ್ಕೆ ಸುಮಾರು 23 ಇಂಚು. ದಪ್ಪ ಹತ್ತಿ ದಾರಕ್ಕೆ ಜೇನುಮೇಣ ತಿಕ್ಕಿ, ನಡುತೂತಿನಿಂದ ಒಳಗಿನಿಂದ ಹೊರಗೆ ತೆಗೆದು, ಒಂದು ತುದಿಯವರೆಗೆ ಹೋಗಿ ಮರಳಿ, ನಡುವನ್ನು ದಾಟಿ ಇನ್ನೊಂದು ತುದಿ ಮುಟ್ಟಿ ನಡುವಿಗೇ ಬಂದು, ಉದ್ದದ ಹೊಲಿಗೆಯನ್ನು ನಡುವೆ ಹಿಡಿದು ಗಂಟು. ಎಂಟು ಹಾಳೆ ಒಟ್ಟಿಗೆ ಮಡಚಿದಾಗ ಒಳಗಿನವು ಹೊರಚಾಚುತ್ತವೆ, ಆದ್ದರಿಂದ ಅಂಚು ಕತ್ತರಿಸುವುದು ಹೊಲಿದ ಮೇಲೆ. ಮೊದಲೇ ಕತ್ತರಿಸಿದರೆ ಅಂಚು ಮೆಟ್ಟಿಲಾಗುತ್ತದೆ.

ಇಡುವುದಕ್ಕೆ ಗೋಡೆಗೆ ತಾಗಿದ ಕಪಾಟು ಬೇಡ. ಗಾಳಿಯ ತೇವ ಶೇಕಡಾ 65 ದಾಟಿ ನಿಂತರೆ ಬೂಸ್ಟು ಹಿಡಿಯಲು ಸುರು, ನಮ್ಮ ಮಳೆಗಾಲದಲ್ಲಿ ಅದು ದಾಟದ ದಿನವೇ ಕಡಿಮೆ. ಮುಚ್ಚಳ ಗಟ್ಟಿಯಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ 50 ಗ್ರಾಂ ಸಿಲಿಕಾ ಜೆಲ್ ಹಾಕಿ ಇಡಿ. ಹರಳಿನ ಬಣ್ಣ ಬದಲಾದಾಗ ಓವನ್ನಿನಲ್ಲಿ 110 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ತಾಸು ಒಣಗಿಸಿದರೆ ಮತ್ತೆ ಬಳಸಬಹುದು. ಹುಳಕ್ಕೆ ಬಜೆಯ ಬೇರಿನ ತುಂಡು ಬಟ್ಟೆಯಲ್ಲಿ ಕಟ್ಟಿ ಮೂಲೆಯಲ್ಲಿಡಿ, ಪುಟದ ನಡುವೆ ಇಟ್ಟರೆ ಕಲೆಯಾಗುತ್ತದೆ. ಇನ್ನೊಂದು, ಹೊಲಿಗೆಯ ಕೆಲಸ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಟ್ಟುಕೊಳ್ಳಬೇಡಿ. ಆಗ ತೇವ ಕುಡಿದು ಹಿಗ್ಗಿದ ಹಾಳೆಗೆ ಬಿಗಿದ ದಾರ, ನವೆಂಬರಿನಲ್ಲಿ ಹಾಳೆ ಒಣಗಿ ಕುಗ್ಗಿದಾಗ ಸಡಿಲಾಗಿ ಜೋತುಬೀಳುತ್ತದೆ.